ಟೈರ್ ಅಂಗಡಿ ಮೇಲಿನ ಡ್ಯಾನ್ಸ್ ಕ್ಲಾಸು

“ಹೆಂಗಸರು ಬಲಗಾಲು ಮೊದಲು, ಗಂಡಸರು ಎಡಗಾಲು. ಆಮೇಲೆ ಒಂದಾದ ಮೇಲೊಂದು, ಅಷ್ಟೇ. ನಡೆಯೋಕೆ ಬರೋರಿಗೆಲ್ಲ ಮೆರೆಂಗೆ ಬರುತ್ತೆ,” ಎಂದರು ಮೇಷ್ಟ್ರು.

ವಾರವಿಡೀ ಏಸಿ ರಿಪೇರಿ ಮಾಡಿ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಮಾತ್ರ ಡ್ಯಾನ್ಸ್ ಮೇಷ್ಟ್ರಾಗುವ ಮನುಷ್ಯ ಅವರು. ಗುಡಾಣದಂಥ ಹೊಟ್ಟೆ. ಆದರೆ ಹಾಡು ಶುರುವಾದರೆ ಸೊಂಟ ಬೇರೆ ಯಾರದೋ ಎಂಬಂತೆ ತೇಲುತ್ತಿತ್ತು. ಟೈರ್ ಅಂಗಡಿಯ ಮಹಡಿಯ ಮೇಲೆ ಉದ್ದನೆಯ ಹಾಲ್. ಒಂದು ಗೋಡೆಗೆ ಕನ್ನಡಿ, ಇನ್ನೊಂದು ಗೋಡೆಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು, ಕಿಟಕಿಯಿಂದ ಒಳಗೆ ಬರುವ ರಬ್ಬರಿನ ವಾಸನೆ. ಬಾಗಿಲಿಗೆ ಅಂಟಿಸಿದ ಹಾಳೆಯ ಮೇಲೆ ‘ಹೊಸಬರಿಗೆ ಆರು ಶನಿವಾರ’ ಎಂದೂ ಅದರ ಕೆಳಗೆ ಮೆರೆಂಗೆ, ಬಚಾತಾ, ಚಾ-ಚಾ-ಚಾ, ಸಾಲ್ಸಾ ಎಂದೂ ಬರೆದಿತ್ತು.

ಹಾಡು ಶುರುವಾಯಿತು. ಕ್ಯಾಬಿನಕ್ಕ ಮನಸ್ಸಿನಲ್ಲಿ ‘ಬಲ’ ಎಂದುಕೊಂಡಳು. ಎದ್ದದ್ದು ಎಡಗಾಲು.

ಎದುರಿಗೆ ನಿಂತಿದ್ದ ಹಲ್ಲಿನ ಡಾಕ್ಟರ ಕಾಲಿನ ಮೇಲೆ ಅದು ಹೋಗಿ ಕೂತಿತು. ಬಿದಿರುಗಳದಷ್ಟು ಉದ್ದವಿದ್ದ ಅವರು ಪಾಪದ ಮನುಷ್ಯ. ತುಳಿಸಿಕೊಂಡವರೇ “ಸಾರಿ ಸಾರಿ” ಎಂದರು. ಅಕ್ಕಪಕ್ಕದವರು ನಕ್ಕರು. ಮೇಷ್ಟ್ರೂ ನಕ್ಕರು. ಕ್ಯಾಬಿನಕ್ಕನ ಬೆನ್ನಿನಲ್ಲಿ ಮಾತ್ರ ತಣ್ಣಗೆ ಬೆವರಿಳಿಯಿತು. ಮನಸ್ಸು ಬಲ ಎಂದಿತ್ತು, ಕಾಲು ಎಡಕ್ಕೆ ಹೋಗಿತ್ತು. ಎರಡು ತಿಂಗಳ ಹಿಂದೆ ಅವಳ ಕೈಯೂ ಹೀಗೇ ಮಾಡಿತ್ತು.

ಅವಳು ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವಳು. ಅಲ್ಲಿನವರೆಲ್ಲ ಕರೆದೂ ಕರೆದೂ ಕ್ಯಾಬಿನಕ್ಕ ಎನ್ನುವುದೇ ಹೆಸರಾಗಿತ್ತು. ಮನೆಯಲ್ಲಿ ಅಣ್ಣನೂ ಹಾಗೇ ರೇಗಿಸುತ್ತಿದ್ದ. ಮಂಚದಷ್ಟು ಅಗಲದ ಫಲಕ, ಅದರ ಮೇಲೆ ಒಂದೊಂದು ಲೈನಿಗೆ ಒಂದೊಂದು ಗುಂಡಿ. ಯಾವ ಲೈನಿನ ಮೇಲೆ ಜನ ಕೆಲಸ ಮಾಡುತ್ತಿದ್ದಾರೋ ಆ ಗುಂಡಿಗೆ ಕೆಂಪು ಟೋಪಿ ತೊಡಿಸಬೇಕು. ಟೋಪಿ ಇರುವವರೆಗೆ ಆ ಲೈನಿಗೆ ಗಾಡಿ ಬಿಡುವಂತಿಲ್ಲ. ಕೆಲಸ ಮುಗಿಯಿತೆಂದು ಹಳಿಯ ಮೇಸ್ತ್ರಿ ಫೋನು ಮಾಡಿದ ಮೇಲೆಯೇ ಟೋಪಿ ತೆಗೆಯಬೇಕು.

ಆ ದಿನ ಸಂಜೆ ನಾಲ್ಕರ ಹೊತ್ತಿಗೆ ಫೋನು ಬಂತು. “ಮೇಡಂ, ಹಳಿ ಮೇಸ್ತ್ರಿ ಮಾತಾಡ್ತಿರೋದು. ಮೂರು ಖಾಲಿ. ಮೂರನೇದು.” ನಂಬರನ್ನು ಎರಡು ಸಲ ಹೇಳುವುದು ಅವನ ರೂಢಿ. ಆರು ವರ್ಷದಿಂದ ದಿನಾ ಕೇಳಿದ ಧ್ವನಿ. ಮುಖ ಮಾತ್ರ ಒಮ್ಮೆಯೂ ನೋಡಿದ್ದಿಲ್ಲ. “ತಾಳಿ ಮೇಸ್ತ್ರಿ, ಬರ್ಕೋತೀನಿ,” ಎಂದು ಅವಳು ಎಂದಿನಂತೆ ಪುಸ್ತಕದಲ್ಲಿ ಮೂರು ಎಂದು ಬರೆದಳು. ಬರೆದ ಕೈಯೇ ಹೋಗಿ ಎರಡನೆಯ ಗುಂಡಿಯ ಟೋಪಿ ತೆಗೆಯಿತು. ಎರಡರ ಮೇಲೆ ಮೇಸ್ತ್ರಿಯೂ ಸೇರಿ ಇನ್ನೂ ಆರು ಜನರಿದ್ದರು. ಮೂರೆಂದುಕೊಂಡೇ ಅವಳು ಆ ಲೈನಿಗೆ ಗೂಡ್ಸ್ ಗಾಡಿಗೆ ಹಸಿರು ಕೊಟ್ಟಳು.

ಮೂರನೆಯ ಗುಂಡಿಯ ಮೇಲೆ ಟೋಪಿ ಇನ್ನೂ ಕೂತೇ ಇರುವುದು ಕಣ್ಣಿಗೆ ಬಿದ್ದಾಗ ಜೀವ ಬಾಯಿಗೆ ಬಂದಿತ್ತು. ಸಿಗ್ನಲ್ ಕೆಂಪಿಗೆ ತಿರುಗಿಸಿ, ಡ್ರೈವರಿಗೆ ಕೂಗಿ ಹೇಳಿ, ಗಾಡಿ ನಿಂತಾಗ ಆ ಆರು ಜನಕ್ಕೂ ಅದಕ್ಕೂ ನಡುವೆ ನಲವತ್ತು ಮೀಟರು ಉಳಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಯಾರಿಗೂ ಏನೂ ಆಗಲಿಲ್ಲ ಎಂದು ಎಲ್ಲರೂ ಅವಳಿಗೆ ಹೇಳಿದರು. ವಿಚಾರಣೆ ಶುರುವಾಯಿತು, ಅವಳನ್ನು ಕ್ಯಾಬಿನ್ನಿನಿಂದ ಇಳಿಸಿ ಉಗ್ರಾಣಕ್ಕೆ ಹಾಕಿದರು. ಈಗ ಅವಳು ಕೈಗವಸು, ಟಾರ್ಚು, ಮಳೆಕೋಟು ಎಣಿಸಿ ಕೊಡುತ್ತಾಳೆ. ಮನೆಯಲ್ಲಿ ಗ್ಯಾಸಿನ ತಿರುಪನ್ನು ಮೂರು ಸಲ ಮುಟ್ಟಿ ನೋಡುತ್ತಾಳೆ, ಬೀಗ ಹಾಕಿ ಬೀದಿಯ ಕೊನೆಗೆ ಹೋದವಳು ವಾಪಸು ಬಂದು ಎಳೆದು ನೋಡುತ್ತಾಳೆ. ತನ್ನ ಕೈಯನ್ನು ತಾನೇ ನಂಬದವಳ ಪಾಡು ಹೇಳತೀರದು.

ಕ್ಲಾಸಿಗೆ ಎಳೆದುತಂದವಳು ಅತ್ತಿಗೆ. ಕ್ಯಾಬಿನಕ್ಕನ ಮನೆಯ ಮೇಲಿನ ಮಹಡಿಯಲ್ಲೇ ವಾಸ, ಮುಖ್ಯರಸ್ತೆಯಲ್ಲಿ ಕೂದಲು ಕತ್ತರಿಸುವ ಅಂಗಡಿ. ಹಿಡಿದ ಪಟ್ಟು ಬಿಡುವ ಪೈಕಿಯಲ್ಲ.

“ಕೈಕಾಲು ನನ್ನ ಮಾತು ಕೇಳಲ್ಲ ಅಂತೀಯಲ್ಲ, ಅಲ್ಲಿ ಬಂದು ಬೇರೆಯವರ ಮಾತಾದ್ರೂ ಕೇಳಲಿ ಬಾ. ಅಲ್ಲಿ ತಪ್ಪಿದ್ರೆ ಏನಾಗುತ್ತೆ? ಯಾರದೋ ಹೆಬ್ಬೆರಳು ನೋಯುತ್ತೆ, ಅಷ್ಟೇ ತಾನೇ?”

“ಅದೂ ಬೇಡ ಅತ್ತಿಗೆ. ಯಾರ ಹೆಬ್ಬೆರಳೂ ಬೇಡ ನನಗೆ.”

“ಬಾಯ್ಮುಚ್ಚಿಕೊಂಡು ಚಪ್ಪಲಿ ಹಾಕ್ಕೋ.”

ಮೊದಲ ಶನಿವಾರ ಹಾಗೆ ಮುಗಿಯಿತು. ಎರಡನೆಯ ಶನಿವಾರ ಬಚಾತಾ. ಮೂರು ಹೆಜ್ಜೆ ಪಕ್ಕಕ್ಕೆ, ನಾಲ್ಕನೆಯದಕ್ಕೆ ಕಾಲಿನ ತುದಿಯಿಂದ ನೆಲ ತಟ್ಟುವುದು, ಮತ್ತೆ ಮೂರು ಹೆಜ್ಜೆ ಆ ಕಡೆಗೆ. ಎಲ್ಲರೂ ವೃತ್ತವಾಗಿ ನಿಲ್ಲಬೇಕು. ಹಾಡಿನ ನಡುವೆ ಮೇಷ್ಟ್ರು “ಬದಲಿ!” ಎಂದು ಚಪ್ಪಾಳೆ ತಟ್ಟಿದಾಗ ಹೆಂಗಸರು ಬಲಕ್ಕೆ ಸರಿದು ಮುಂದಿನ ಗಂಡಸಿನ ಎದುರು ನಿಲ್ಲಬೇಕು. ಕ್ಯಾಬಿನಕ್ಕನಿಗೆ ಈ ಬದಲಿಯೇ ದೊಡ್ಡ ಕಾಟ. ಒಬ್ಬನ ಹೆಜ್ಜೆಗೆ ಹೇಗೋ ಹೊಂದಿಕೊಂಡೆ ಎನ್ನುವಷ್ಟರಲ್ಲಿ ಇನ್ನೊಬ್ಬನ ಒದ್ದೆ ಕೈ.

ಅಂದು ಹೊಸದಾಗಿ ಒಂದು ಜೋಡಿ ಬಂದಿತ್ತು. ಗಂಡ ಐವತ್ತರ ಆಚೆಯವನು, ಕುಳ್ಳು, ಗಟ್ಟಿಮುಟ್ಟು, ಕಾಲಿಗೆ ಕೆಲಸದ ದಪ್ಪ ಬೂಟು. ಹೆಂಡತಿ ಕಳೆಕಳೆಯಾಗಿ ನಗುವ ಹೆಂಗಸು. ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವ ಕೆಲಸ ಎಂದು ಬಂದ ಐದೇ ನಿಮಿಷದಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಮೇಷ್ಟ್ರು ಆ ಬೂಟು ನೋಡಿ ಹಣೆ ಚಚ್ಚಿಕೊಂಡರು. “ಬೂಟಿನವರೇ, ಮುಂದಿನ ವಾರ ಹಗುರಾದ್ದು ಹಾಕ್ಕೊಂಡ್ಬನ್ನಿ, ನನ್ನ ನೆಲ ಉಳಿಬೇಕು. ಈಗ ಹೇಳಿ, ಎಷ್ಟನೇ ಹೆಜ್ಜೆಗೆ ತಟ್ಟಬೇಕು?”

“ನಾಲ್ಕು,” ಎಂದ ಆತ. ಸ್ವಲ್ಪ ಕೆಮ್ಮಿ, “ನಾಲ್ಕನೇದು,” ಎಂದ.

ವೃತ್ತದ ಈ ತುದಿಯಲ್ಲಿ ಕ್ಯಾಬಿನಕ್ಕನ ಎದೆ ಧಸಕ್ಕೆಂದಿತು.

ಬೇರೆ ಯಾರೋ ಇರಬಹುದು. ಲೋಕದಲ್ಲಿ ನಂಬರು ಎರಡು ಸಲ ಹೇಳುವವನು ಅವನೊಬ್ಬನೇನಾ? ಆದರೆ ಆ ಕೆಮ್ಮು, ಆ ತಗ್ಗಿದ ಗಂಟಲು, ಫೋನಿನ ಗರಗರ ಕಳೆದು ಈಗ ಹತ್ತು ಹೆಜ್ಜೆ ದೂರದಲ್ಲಿ. “ಬದಲಿ!” ಅವಳು ಸರಿದಳು. ಅವನಿಗೂ ಅವಳಿಗೂ ನಡುವೆ ಮೂವರು ಗಂಡಸರು. ಮೂರು ಹೆಜ್ಜೆ, ತಟ್ಟು. ಮೂರು ಹೆಜ್ಜೆ, ತಟ್ಟು. “ಬದಲಿ!” ಇಬ್ಬರು. ತನ್ನ ಧ್ವನಿ ಅವನಿಗೆ ಗೊತ್ತು. ಬಾಯಿ ಬಿಡದಿದ್ದರೆ ಗೊತ್ತಾಗುವುದಿಲ್ಲ. ಆದರೆ ಎದುರು ನಿಂತವರಿಗೆ ನಮಸ್ಕಾರ ಎನ್ನದೆ ಇರುವುದು ಹೇಗೆ? “ಬದಲಿ!” ಒಬ್ಬರೇ ಉಳಿದರು, ಹಲ್ಲಿನ ಡಾಕ್ಟರು. ಅವರು ಕೈ ಚಾಚಿ, “ಮೊದಲೇ ಸಾರಿ ಹೇಳ್ಬಿಡ್ತೀನಿ,” ಎನ್ನುವಷ್ಟರಲ್ಲಿ ಕ್ಯಾಬಿನಕ್ಕ ಕಾಲಿಗೆ ಬುದ್ಧಿ ಹೇಳಿದಳು. ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಹಾಡು ನಿಲ್ಲುವವರೆಗೆ ಅಲ್ಲೇ ನಿಂತಳು.

“ಏನಾಯ್ತೇ?” ಹೊರಗಿನಿಂದ ಅತ್ತಿಗೆ ಬಾಗಿಲು ಬಡಿದಳು.

“ಹೊಟ್ಟೆ.”

“ಬೆಳಿಗ್ಗೆಯಿಂದ ಏನೂ ತಿಂದೇ ಇಲ್ಲ, ಹೊಟ್ಟೆಗೇನು ಬಂತು?”

ಆ ವಾರ ಪೂರ್ತಿ ಉಗ್ರಾಣದಲ್ಲಿ ಅವಳು ಎಣಿಸಿದ್ದನ್ನೇ ಎಣಿಸಿದಳು. ಮೂರನೆಯ ಶನಿವಾರ ಬೆಳಿಗ್ಗೆ ಬಾಗಿಲು ತೆರೆಯದೆ ಕೂತಳು. ಅತ್ತಿಗೆಯ ಬಳಿ ಇನ್ನೊಂದು ಬೀಗದ ಕೈ ಇರುವುದು ಮರೆತೇ ಹೋಗಿತ್ತು.

ಹಾಲಿನ ಹೊರಗೆ ಬೆಂಚಿನ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತವಳು ಬೇಕರಿಯ ಹೆಂಗಸು. ಒಳಗೆ ಗಂಡಸರು ಕುರ್ಚಿ ಸರಿಸುತ್ತಿದ್ದರು.

“ಹೋದ ವಾರ ಮೈ ಹುಷಾರಿರಲಿಲ್ವಂತೆ? ಈಗ ಪರವಾಗಿಲ್ವಾ?”

ಕ್ಯಾಬಿನಕ್ಕ ತಲೆಯಾಡಿಸಿದಳು.

“ನಮ್ಮನೆಯವರನ್ನ ಇಲ್ಲಿಗೆ ಕರ್ಕೊಂಡು ಬರೋದ್ರಲ್ಲಿ ನನ್ನ ಹೆಣ ಬಿದ್ದುಹೋಯ್ತು. ಎರಡು ತಿಂಗಳಿಂದ ಮಾತಿಲ್ಲ, ಕತೆಯಿಲ್ಲ. ಕೆಲಸಕ್ಕೆ ಹೋಗ್ತಾರೆ, ಬರ್ತಾರೆ, ಗೋಡೆ ನೋಡ್ತಾ ಕೂತ್ಕೋತಾರೆ. ರೈಲು ಹಳಿ ಕೆಲಸ ಅವರದ್ದು. ಗಾಡಿ ಮೈಮೇಲೆ ಬಂದುಬಿಟ್ಟಿತ್ತು ನೋಡಿ.” ಅವಳು ಧ್ವನಿ ತಗ್ಗಿಸಿದಳು. “ಕ್ಯಾಬಿನ್ನಲ್ಲಿ ಕೂತೋಳು ಯಾರೋ ನಿದ್ದೆ ಹೊಡೀತಿದ್ಲಂತೆ. ಆರು ಜನರ ಜೀವ ಹೊರಗೆ, ಇವಳಿಗೆ ಒಳಗೆ ಗೊರಕೆ!”

ಕ್ಯಾಬಿನಕ್ಕನ ಕೈಯಲ್ಲಿ ಚಪ್ಪಲಿಯ ಪಟ್ಟಿ ಹಾಗೇ ಉಳಿಯಿತು. ನಿದ್ದೆ ಮಾಡಿರಲಿಲ್ಲ ಎನ್ನುವ ಮಾತು ಗಂಟಲವರೆಗೆ ಬಂತು. ಅಷ್ಟು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಅವಳು ಪಟ್ಟಿ ಬಿಗಿದು ಎದ್ದಳು.

ಅಂದು ಚಾ-ಚಾ-ಚಾ. ಹಿಂದೆ ಒಂದು, ಮುಂದೆ ಒಂದು, ಆಮೇಲೆ ಪಟಪಟ ಮೂರು ಪುಟ್ಟ ಹೆಜ್ಜೆ. “ಬಿಸಿ ಕಲ್ಲಿನ ಮೇಲೆ ನಡೆದ ಹಾಗೆ!” ಎಂದು ಮೇಷ್ಟ್ರು ಕೂಗುತ್ತಿದ್ದರು. ಈ ಸಲ ಅವಳು ಓಡಲಿಲ್ಲ. ಓಡಿದರೆ ಅತ್ತಿಗೆ ಬಿಡುವುದಿಲ್ಲ. ನಾಲ್ಕನೆಯ ಬದಲಿಗೆ ಅವನು ಎದುರಿಗಿದ್ದ.

ಅವನು ಕೈ ಚಾಚಿದ. ಒರಟು ಅಂಗೈ, ಒಣಗಿದ ಕಟ್ಟಿಗೆಯ ಹಾಗೆ, ತಣ್ಣಗೆ. ಅವಳ ಮುಖವನ್ನೇನೂ ನೋಡಲಿಲ್ಲ. ತನ್ನ ಹೊಸ ಕ್ಯಾನ್ವಾಸ್ ಶೂಗಳನ್ನು ನೋಡುತ್ತ ತುಟಿಯಲ್ಲೇ ಎಣಿಸಿಕೊಳ್ಳುತ್ತಿದ್ದ. ಅವಳೂ ತುಟಿ ಬಿಗಿದೇ ಇದ್ದಳು. ಹಿಂದೆ, ಮುಂದೆ, ಚಾ-ಚಾ-ಚಾ. ಇಬ್ಬರೂ ಆಶ್ಚರ್ಯವಾಗುವಷ್ಟು ಸರಿಯಾಗಿ ಹೆಜ್ಜೆ ಹಾಕುತ್ತಿದ್ದರು. ಇನ್ನೊಂದು ಅರ್ಧ ನಿಮಿಷ, ಆಮೇಲೆ ಬದಲಿ, ಅಲ್ಲಿಗೆ ಪಾರಾದೆ ಎಂದು ಅವಳು ಲೆಕ್ಕ ಹಾಕಿದಳು.

ಆಗ ಕೆಳಗಿನ ಅಂಗಡಿಯಲ್ಲಿ ಯಾರೋ ಗಾಳಿ ತುಂಬುವ ಪೈಪು ಬಿಟ್ಟರು. ಭುಸ್ಸೆಂಬ ಶಬ್ದ ಕಿಟಕಿಯಿಂದ ನುಗ್ಗಿತು, ದೊಡ್ಡ ಗಾಡಿಯೊಂದು ಬ್ರೇಕು ಹಾಕಿದ ಹಾಗೆ. ಅವನು ನಿಂತುಬಿಟ್ಟ. ಅವಳ ಬೆರಳುಗಳು ಅಡಕತ್ತರಿಯಲ್ಲಿ ಸಿಕ್ಕಿದಂತೆ ಅವನ ಮುಷ್ಟಿಯಲ್ಲಿ ಸಿಕ್ಕಿಕೊಂಡವು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ, ಉಸಿರು ಒಳಗೆಲ್ಲೋ ಸಿಕ್ಕಿಕೊಂಡಿತ್ತು.

“ತಾಳಿ ಮೇಸ್ತ್ರಿ, ತಾಳಿ,” ಎಂದಳು ಅವಳು.

ಅಂದ ಮೇಲೆ ಗೊತ್ತಾಯಿತು. ಈ ಹಾಲಿನಲ್ಲಿ ಅವನನ್ನು ಯಾರೂ ಮೇಸ್ತ್ರಿ ಎಂದು ಕರೆದಿರಲಿಲ್ಲ.

ಅವನ ಕಣ್ಣು ನಿಧಾನವಾಗಿ ಅವಳ ಮುಖಕ್ಕೆ ಬಂತು. ಕೆಂಡ ಮುಟ್ಟಿದವನಂತೆ ಕೈ ಬಿಟ್ಟ. ಹಾಡು ನಡೆಯುತ್ತಿದ್ದಂತೆಯೇ ಜನರ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲಿಳಿದು ಹೋದ. “ರೀ! ಏನ್ರೀ ಇದು?” ಎನ್ನುತ್ತ ಹೆಂಡತಿ ಬಾಗಿಲವರೆಗೆ ಬಂದಳು. ಕ್ಯಾಬಿನಕ್ಕ ಅವಳನ್ನು ದಾಟಿ ಅವನ ಹಿಂದೆಯೇ ಇಳಿದಳು. ಯಾಕೆ ಇಳಿದಳೋ, ಏನು ಹೇಳಬೇಕೆಂದಿದ್ದಳೋ, ಅವಳಿಗೇ ತಿಳಿಯದು.

ಅವನು ಜೋಡಿಸಿಟ್ಟ ಟೈರುಗಳಿಗೆ ಒರಗಿ ನಿಂತಿದ್ದ.

“ನೀವೇನಾ ಅದು?” ಎಂದ.

“ನಾನು ನಿದ್ದೆ ಮಾಡಿರಲಿಲ್ಲ,” ಎಂದಳು ಅವಳು.

ಎರಡು ತಿಂಗಳು ಮನಸ್ಸಿನಲ್ಲೇ ಎಷ್ಟೊಂದು ಸಲ ಈ ಮನುಷ್ಯನ ಮುಂದೆ ನಿಂತು ಮಾತಾಡಿದ್ದಳು. ತಪ್ಪಾಯಿತು ಎಂದಿದ್ದಳು, ಕಾಲು ಹಿಡಿದಿದ್ದಳು. ನಿಜವಾಗಿ ಎದುರು ನಿಂತಾಗ ಮೊದಲು ಹೊರಬಿದ್ದದ್ದು ಇದು.

“ಅಷ್ಟೇನಾ?” ಅವನು ಟೈರುಗಳನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. “ಅಷ್ಟೇನಾ ಮೇಡಂ ನಿಮಗೆ ಹೇಳೋದಿರೋದು? ಹಳಿ ನೆಟ್ಟಗಿದೆಯಾ ಅಂತ ನೋಡೋಕೆ ನಾನು ಮಲಗಿ ಕೆನ್ನೆ ಇಟ್ಟಿದ್ದೆ. ಕಬ್ಬಿಣ ನಡುಗೋದು ಕೆನ್ನೆಗೆ ಗೊತ್ತಾಯ್ತು ನನಗೆ. ಕಿವಿಗಲ್ಲ, ಕೆನ್ನೆಗೆ. ಈಗಲೂ ದಿಂಬಿಗೆ ಕೆನ್ನೆ ಇಡೋಕಾಗಲ್ಲ, ಕೂತೇ ನಿದ್ದೆ ಮಾಡ್ತೀನಿ.”

“ನಾನು ಮೂರು ಅಂತಲೇ ಬರೆದೆ. ಕೈ ಎರಡಕ್ಕೆ ಹೋಯ್ತು. ಯಾಕೆ ಹೋಯ್ತು ಅಂತ ದಿನಾ ಕೇಳ್ಕೋತೀನಿ ಮೇಸ್ತ್ರಿ. ಗೊತ್ತಿಲ್ಲ. ತಪ್ಪು ನಂದೇ.”

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಹೆಂಡತಿ ಮೆಟ್ಟಿಲಿಳಿದು ಬರುವುದು ಕಂಡಿತು. ಬಾಯಿ ಮುಚ್ಚಿಕೊಂಡು, ಹೆಂಡತಿಯ ತೋಳು ಹಿಡಿದು, ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ.

ಅಂದು ಮಧ್ಯಾಹ್ನ ಕ್ಯಾಬಿನಕ್ಕ ಅತ್ತಿಗೆಗೆ ಎಲ್ಲವನ್ನೂ ಹೇಳಿದಳು. ಅತ್ತಿಗೆ ಕತ್ತರಿಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದಳು. ಕೊನೆಗೆ, “ಮುಂದಿನ ವಾರ ಬೇಡ ಅಂದ್ರೆ ಬೇಡ,” ಎಂದಳು.

“ಬರ್ತೀನಿ.”

ಅವನು ಬಾಯಿ ತೆರೆದು ಮುಚ್ಚಿಕೊಂಡದ್ದು ಅವಳ ಕಣ್ಣಿಗೆ ಕಟ್ಟಿದ ಹಾಗಿತ್ತು. ಬೈಗುಳವೇ ಇರಲಿ, ಅದನ್ನು ಪೂರ್ತಿ ಕೇಳದೆ ಇನ್ನೊಂದು ವಾರ ಕಳೆಯುವ ಶಕ್ತಿ ಅವಳಲ್ಲಿ ಇರಲಿಲ್ಲ.

ನಾಲ್ಕನೆಯ ಶನಿವಾರ ಒಂಬತ್ತೂವರೆಗೆ ಅವಳು ಟೈರ್ ಅಂಗಡಿ ಮುಟ್ಟಿದಾಗ ಅವನು ಒಬ್ಬನೇ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದ. ಹೆಂಡತಿ ಬೇಕರಿಯಿಂದ ನೇರ ಬರುವವಳಿದ್ದಳು.

“ಮೇಡಂ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಮಧ್ಯೆ ಮಾತಾಡ್ಬೇಡಿ. ನಿಲ್ಲಿಸಿದ್ರೆ ಮತ್ತೆ ಹೇಳೋಕಾಗಲ್ಲ.”

ಅವಳು ಮೆಟ್ಟಿಲ ಕಂಬಿ ಹಿಡಿದು ನಿಂತಳು.

“ನಾವು ಕೆಲಸ ಮಾಡೋವಾಗ ಇನ್ನೂರು ಮೀಟರ್ ಆಚೆ ಒಬ್ಬ ಕೆಂಪು ಬಾವುಟ ಹಿಡ್ಕೊಂಡು ನಿಂತಿರ್ಬೇಕು. ಸಿಗ್ನಲ್ ತಪ್ಪಿದ್ರೂ ಗಾಡಿ ನಿಲ್ಲಿಸೋಕೆ ಅವನಿರ್ತಾನೆ. ಆವತ್ತು ಹಾರೆ ಬಗ್ಗಿತ್ತು. ಇನ್ನೊಂದು ಹಾರೆ ತರೋಕೆ ಅವನನ್ನ ನಾನೇ ಕಳಿಸಿದೆ. ಹತ್ತು ನಿಮಿಷ ತಾನೇ ಅಂದ್ಕೊಂಡೆ. ಆ ಹತ್ತು ನಿಮಿಷದಲ್ಲೇ ಗಾಡಿ ಬಂತು. ವಿಚಾರಣೆಲಿ, ಬಾವುಟದವನು ಜಾಗದಲ್ಲೇ ಇದ್ದ ಅಂತ ಬರೆದುಕೊಟ್ಟೆ. ಅವನೂ ಹಾಗೇ ಬರೆದುಕೊಟ್ಟ.” ಅವನು ರಸ್ತೆಯ ಕಡೆ ಒಮ್ಮೆ ನೋಡಿದ. “ಮನೆಲಿ ಹೆಂಡತಿ ಕೇಳಿದ್ಲು, ಯಾರ ತಪ್ಪು ಅಂತ. ಕ್ಯಾಬಿನ್ನವಳು ನಿದ್ದೆ ಮಾಡಿದ್ಲು ಅಂತ ಬಾಯಿಗೆ ಬಂತು. ಹೇಳಿಬಿಟ್ಟೆ. ಹೇಳ್ತಾ ಹೇಳ್ತಾ ನನಗೂ ಅದೇ ನಿಜ ಅನ್ನಿಸೋಕೆ ಶುರುವಾಯ್ತು.”

ಮೇಲೆ ಮೇಷ್ಟ್ರು ಹಾಡು ಹಚ್ಚಿ ನೋಡಿ, ನಿಲ್ಲಿಸಿ, ಮತ್ತೆ ಹಚ್ಚುತ್ತಿದ್ದರು. ಕ್ಯಾಬಿನಕ್ಕನಿಗೆ ಮೊದಲು ಆದದ್ದು ಹಗುರ. ಹೊತ್ತ ಮೂಟೆಯ ಒಂದು ಮೂಲೆಯನ್ನು ಯಾರೋ ಎತ್ತಿಹಿಡಿದ ಹಾಗೆ. ಆ ಹಗುರಕ್ಕೆ ನಾಚಿಕೆಯಾಯಿತು. ಅದರ ಬೆನ್ನಿಗೇ ಸಿಟ್ಟು ಬಂತು. ಎರಡು ತಿಂಗಳು ಅವಳು ಗ್ಯಾಸಿನ ತಿರುಪು ಮುಟ್ಟಿ ಮುಟ್ಟಿ ನೋಡುತ್ತಿದ್ದಾಗ ಈ ಮನುಷ್ಯ ಎಲ್ಲ ಗೊತ್ತಿದ್ದೂ ಗೋಡೆ ನೋಡುತ್ತ ಕೂತಿದ್ದ.

“ನಾನೀಗ ಏನು ಮಾಡ್ಲಿ ಮೇಡಂ? ನಿವೃತ್ತಿಗೆ ನಾಲ್ಕು ವರ್ಷ ಇದೆ.”

ಪರವಾಗಿಲ್ಲ ಬಿಡಿ ಎನ್ನಬೇಕು ಎಂದು ಅವನ ಮುಖ ಕೇಳುತ್ತಿತ್ತು. ಅವಳು ಒಳ್ಳೆಯವಳು, ಯಾರಿಗೂ ಬೇಡ ಎಂದು ಹೇಳಿ ಗೊತ್ತಿಲ್ಲದವಳು. ಆದರೂ ಆ ಮಾತು ಬಾಯಿಗೆ ಬರಲಿಲ್ಲ.

“ಹೋಗಿ ಹೇಳಿ ಮೇಸ್ತ್ರಿ. ಹೇಳ್ಬೇಡಿ ಅಂತ ನಾನು ಅನ್ನಲ್ಲ. ನನ್ನ ಕೈ ಮಾಡಿದ ತಪ್ಪು ಅದರಿಂದ ಹೋಗಲ್ಲ, ಅದು ನನಗೂ ಗೊತ್ತು. ಆದ್ರೆ ಪೂರ್ತಿ ನಾನೊಬ್ಬಳೇ ಹೊರಲ್ಲ.”

ಅವನು ತಲೆ ತಗ್ಗಿಸಿದ. ಇಬ್ಬರೂ ಮೆಟ್ಟಿಲು ಹತ್ತಿದರು. ಬದಲಿಯಲ್ಲಿ ಅವನ ಸರದಿ ಬಂದಾಗ ಇಬ್ಬರೂ ಒಬ್ಬರ ಕೈ ಒಬ್ಬರು ಮುಟ್ಟಿಯೂ ಮುಟ್ಟದ ಹಾಗೆ ಹಿಡಿದರು.

ಅಂದಿನಿಂದ ಸಾಲ್ಸಾ. ಒಂದು, ಎರಡು, ಮೂರು ಹೆಜ್ಜೆ, ನಾಲ್ಕಕ್ಕೆ ಹೆಜ್ಜೆಯಿಲ್ಲ. ಐದು, ಆರು, ಏಳು, ಎಂಟಕ್ಕೆ ಹೆಜ್ಜೆಯಿಲ್ಲ. “ನಾಲ್ಕರಲ್ಲಿ ಏನು ಮಾಡ್ಬೇಕು ಸಾರ್?” ಎಂದು ಕ್ಯಾಬಿನಕ್ಕ ಕೇಳಿದಳು.

“ಏನೂ ಮಾಡ್ಬಾರ್ದು. ಸುಮ್ನಿರ್ಬೇಕು.”

“ಸುಮ್ನೆ ಅಂದ್ರೆ?”

“ಅಯ್ಯೋ, ಸುಮ್ನೆ ಅಂದ್ರೆ ಸುಮ್ನೆ ಕಣಮ್ಮ!”

ಅದೊಂದೇ ಅವಳಿಂದ ಆಗಲಿಲ್ಲ. ಪ್ರತಿ ನಾಲ್ಕಕ್ಕೂ ಅವಳ ಕಾಲು ತಾನಾಗಿ ಏಳುತ್ತಿತ್ತು.

ಮುಂದಿನ ವಾರ ಫೋನು ಹೊಡೆದುಕೊಂಡಾಗಲೆಲ್ಲ ಅವಳು ಬೆಚ್ಚಿದಳು. ಸೋಮವಾರ ಏನೂ ಇಲ್ಲ. ಬುಧವಾರ ಏನೂ ಇಲ್ಲ. ವಿಚಾರಣೆಯ ತೀರ್ಮಾನ ಇನ್ನೊಂದು ವಾರದಲ್ಲಿ ಬರುತ್ತದೆಂದು ಉಗ್ರಾಣದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಐದನೆಯ ಶನಿವಾರ ಗಂಡಹೆಂಡಿರಿಬ್ಬರೂ ಕ್ಲಾಸಿಗೆ ಬರಲಿಲ್ಲ. ಹಾಲಿನ ಬಾಗಿಲು ಕಿರ್ರೆಂದಾಗಲೆಲ್ಲ ಅವಳು ತಿರುಗಿ ನೋಡಿದಳು. ಹಲ್ಲಿನ ಡಾಕ್ಟರನ್ನು ಐದು ಸಲ ತುಳಿದಳು.

“ಅವನು ಕೈಕೊಟ್ಟ ಅತ್ತಿಗೆ,” ಎಂದಳು ಮನೆಗೆ ಬರುತ್ತ. “ಹೇಳಲ್ಲ ಅವನು. ಯಾಕಾದ್ರೂ ಹೇಳ್ತಾನೆ?”

“ಹೇಳದಿದ್ರೆ ನೀನೇ ಹೋಗಿ ಹೇಳು.”

“ಯಾರು ನಂಬ್ತಾರೆ? ತನ್ನ ತಪ್ಪು ಮುಚ್ಚೋಕೆ ಅಂತಾರೆ.”

ಅದು ನಿಜವೇ ಆಗಿತ್ತು.

ಮಂಗಳವಾರ ಮಧ್ಯಾಹ್ನ ಕರೆ ಬಂತು: ನಾಳೆ ಹನ್ನೊಂದಕ್ಕೆ ವಿಚಾರಣಾ ಕಚೇರಿಗೆ ಬರಬೇಕು. ಆ ಕಾರಿಡಾರಿನಲ್ಲಿ ಉದ್ದ ಬೆಂಚು, ನೀರಿನ ಕ್ಯಾನು, ಮೂರು ಮುಚ್ಚಿದ ಬಾಗಿಲು. ಬೆಂಚಿನ ಒಂದು ತುದಿಯಲ್ಲಿ ಮೇಸ್ತ್ರಿಯ ಹೆಂಡತಿ ಕೂತಿದ್ದಳು, ಉಗುರಿನ ಸಂದಿಯಲ್ಲಿ ಗುಲಾಬಿ ಬಣ್ಣದ ಸಕ್ಕರೆ. ಕ್ಯಾಬಿನಕ್ಕನನ್ನು ಕಂಡು ಎದ್ದು ನಿಂತಳು.

“ಒಳಗಿದ್ದಾರೆ. ಬಾವುಟದವನೂ ಇದ್ದಾನೆ. ಶುಕ್ರವಾರ ರಾತ್ರಿ ಮನೆಲಿ ಬಾಯಿಬಿಟ್ರು, ಸೋಮವಾರ ಇಲ್ಲಿ ಬಂದು ಬರೆದುಕೊಟ್ರು.” ಅವಳ ಕಣ್ಣು ಊದಿತ್ತು. “ಅವತ್ತು ಬೆಂಚಿನ ಮೇಲೆ ನಾನು ಏನೇನೋ ಅಂದೆ. ನಿಮ್ಮ ಮುಖಕ್ಕೇ ಅಂದೆ.”

“ಬಿಡಿ, ನಿಮಗೆ ಗೊತ್ತಿರಲಿಲ್ಲ.”

“ಹೇಗೆ ಬಿಡ್ಲಿ? ಆವತ್ತೇ ನೀವು ನನಗೊಂದು ಏಟು ಹಾಕಿದ್ರೂ ಚೆನ್ನಾಗಿತ್ತು.” ಉಗುರಿನ ಸಕ್ಕರೆ ಕೆರೆಯುತ್ತ ಮತ್ತೆ ಹೇಳಿದಳು, “ನಾನು ಇವರ ಜೊತೆ ಮಾತು ಬಿಟ್ಟಿದೀನಿ. ಆದ್ರೆ ಶನಿವಾರ ಕರ್ಕೊಂಡ್ಬರ್ತೀನಿ. ಶೂ ಹೊಸದು ತಂದಾಗಿದೆ.”

ಕ್ಯಾಬಿನಕ್ಕನಿಗೆ ನಗು ಬರುವುದರಲ್ಲಿತ್ತು, ಅಷ್ಟರಲ್ಲಿ ಬಾಗಿಲು ತೆರೆಯಿತು.

ಒಳಗೆ ಮೂವರು ಅಧಿಕಾರಿಗಳು ಇಪ್ಪತ್ತು ನಿಮಿಷ ಅವಳನ್ನು ಕೇಳಿದರು. ಅವಳು ಮುಚ್ಚಿಡದೆ ಹೇಳಿದಳು: ಕೇಳಿದ್ದು ಸರಿ, ಬರೆದದ್ದು ಸರಿ, ತೆಗೆದದ್ದು ತಪ್ಪು. ತೀರ್ಮಾನ ಎರಡು ದಿನಕ್ಕೆ ಕಾಗದದಲ್ಲಿ ಬಂತು. ಅವಳಿಗೆ ಮೂರು ತಿಂಗಳು ಮತ್ತೆ ತರಬೇತಿ, ಪಕ್ಕದಲ್ಲಿ ಇನ್ನೊಬ್ಬರು ಕೂತು ಒಂದೊಂದನ್ನೂ ನೋಡುತ್ತಾರೆ, ಪಾಸಾದರೆ ಕ್ಯಾಬಿನ್ನು. ಮೇಸ್ತ್ರಿಗೆ ಒಂದು ವರ್ಷ ಮೇಸ್ತ್ರಿಗಿರಿ ಇಲ್ಲ. ಬೇರೊಬ್ಬನ ಕೈಕೆಳಗೆ ಹಾರೆ ಹಿಡಿಯಬೇಕು. ಟೋಪಿ ತೆಗೆಯುವ ಮುನ್ನ ಗುಂಡಿಯ ಮೇಲಿನ ನಂಬರನ್ನು ಫೋನಿನಲ್ಲೇ ಓದಿ ಹೇಳಬೇಕೆಂದು ಹೊಸ ನಿಯಮವೂ ಬಂತು. ಅತ್ತಿಗೆ ಕಾಗದವನ್ನು ಎರಡು ಸಲ ಓದಿ, “ಗೆದ್ದೆ ಕಣೇ!” ಎಂದು ತಬ್ಬಿಕೊಂಡಳು. ಕ್ಯಾಬಿನಕ್ಕನಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ತರಬೇತಿ ಸೋಮವಾರವೇ ಶುರು. ಆ ಫಲಕದ ಮುಂದೆ ಮತ್ತೆ ಕೂರುವುದನ್ನು ನೆನೆದು ಎದ್ದುಹೋಗಿ ಗ್ಯಾಸಿನ ತಿರುಪು ಮುಟ್ಟಿ ನೋಡಿದಳು.

ಆರನೆಯ ಶನಿವಾರ ಮೇಷ್ಟ್ರು ನಾಲ್ಕು ನೃತ್ಯದ ಹಾಡುಗಳನ್ನೂ ಒಂದರ ಹಿಂದೊಂದು ಹಾಕಿದರು. “ಇವತ್ತು ಬದಲಿ ಇಲ್ಲ. ನಾನು ಚಪ್ಪಾಳೆ ತಟ್ಟಲ್ಲ. ನಿಮಗೆ ಬೇಕಾದವರ ಹತ್ರ ನೀವೇ ಹೋಗಿ ಕೇಳಿ.”

ಮೆರೆಂಗೆಗೆ ಅತ್ತಿಗೆ ಹಲ್ಲಿನ ಡಾಕ್ಟರನ್ನು ಎಳೆದುಕೊಂಡು ಹೋದಳು. ಬಚಾತಾಗೆ ಮೇಸ್ತ್ರಿಯ ಹೆಂಡತಿ ಗಂಡನ ಎದುರು ಹೋಗಿ ನಿಂತಳು. ಒಂದು ಮಾತಿಲ್ಲದೆ ಇಬ್ಬರೂ ಪೂರ್ತಿ ಹಾಡು ಕುಣಿದರು, ಮುಗಿದೊಡನೆ ಅವಳು ಮುಖ ತಿರುಗಿಸಿ ನೀರು ಕುಡಿಯಲು ಹೋದಳು. ಕ್ಯಾಬಿನಕ್ಕ ಕುರ್ಚಿಗಳ ಪಕ್ಕದಲ್ಲೇ ನಿಂತಿದ್ದಳು. ಚಾ-ಚಾ-ಚಾವೂ ಮುಗಿಯಿತು. ಉಳಿದದ್ದು ಸಾಲ್ಸಾ ಒಂದೇ.

ಅವಳು ಹಾಲನ್ನು ಅಡ್ಡ ದಾಟಿದಳು. ಹನ್ನೆರಡು ಹೆಜ್ಜೆಯ ದಾರಿ.

“ಬರ್ತೀರಾ ಮೇಸ್ತ್ರಿ?”

“ನಾನೀಗ ಮೇಸ್ತ್ರಿ ಅಲ್ಲ ಮೇಡಂ.”

“ನನಗೆ ಬೇರೆ ಹೆಸರು ಗೊತ್ತಿಲ್ಲ.”

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಚಾಚಿದ. ಈ ಸಲ ಬೆವರಿದ್ದದ್ದು ಅವನ ಕೈಯೋ ತನ್ನದೋ ಅವಳಿಗೆ ತಿಳಿಯಲಿಲ್ಲ.

“ಸೋಮವಾರ ನೀವೂ ಶುರು ಮಾಡ್ತೀರಂತೆ,” ಎಂದ.

“ಹೂಂ. ನೀವು?”

“ಸೋಮವಾರವೇ. ಹೊಸ ಮೇಸ್ತ್ರಿ ಬಂದಿದ್ದಾನೆ, ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನು.” ಅವನು ಕೆಮ್ಮಿದ. “ಭಯನಾ ನಿಮಗೆ?”

“ಭಯ.”

“ನನಗೂ.”

ಹಾಡು ಶುರುವಾಯಿತು. ಅವನು ತಡವಾಗಿ ಹೊರಟ, ಅವಳು ಬೇಗ ಹೊರಟಳು. ಮಂಡಿಗೆ ಮಂಡಿ ಬಡಿಯಿತು. ಇಬ್ಬರ ಬಾಯಿಂದಲೂ ಒಟ್ಟಿಗೆ “ಸಾರಿ” ಬಿತ್ತು. ನಿಂತು, ಕೈ ಸರಿಮಾಡಿಕೊಂಡು, ಮತ್ತೆ ಒಂದರಿಂದ ಎಣಿಸತೊಡಗಿದರು.

“ಕಾಲು ನೋಡ್ಬೇಡಿ! ಕಾಲು ನೋಡ್ಬೇಡಿ ಅಂತ ಎಷ್ಟು ಸಲ ಹೇಳ್ಲಿ!” ಎಂದು ಮೇಷ್ಟ್ರು ಆ ಮೂಲೆಯಿಂದ ಕೂಗಿದರು.

ಅವರಿಬ್ಬರೂ ತಲೆ ಎತ್ತಲಿಲ್ಲ. ಕಾಲು ನೋಡುತ್ತಲೇ, ಎಣಿಸುತ್ತಲೇ, ಹಾಡು ಮುಗಿಯುವವರೆಗೆ ಕುಣಿದರು.